ಐವತ್ತೊಂದು ಕಿಲೋದ ಒಳಗೆ

ಸುದ್ದಿ ಬಂದಾಗ ನಾನು ಹುಬ್ಬಳ್ಳಿಯ ನಮ್ಮ ದಲಾಲಿ ಅಂಗಡಿಯಲ್ಲಿ, ಮೆಣಸಿನಕಾಯಿ ಚೀಲಗಳ ನಡುವೆ ಸೀನುತ್ತ ಕುಳಿತಿದ್ದೆ. ಗೋವಾದಿಂದ ತಂಗಿ ಫೋನಿನಲ್ಲಿ ಕೂಗುತ್ತಿದ್ದಳು. ಯಾರಾದರೂ ಫೋನಿನಲ್ಲಿ ಕೂಗಿದರೆ ಯಾರಿಗೋ ಏನೋ ಆಗಿದೆ ಎಂದೇ ಎಣಿಸುವುದು ನನ್ನ ರೂಢಿ. "ಯಾವ ದವಾಖಾನ್ಯಾಗ ಇಟ್ಟೀರಿ?" ಎಂದು ಕೇಳಿದೆ.

"ಥೂ ನಿನ್ನ! ನಿನ್ನ ಸೊಸಿ ಮಕಾವ್‌ಗೆ ಹೊಂಟಾಳ ಅಣ್ಣಾ! ಇಂಡಿಯಾ ಟೀಮಿನ್ಯಾಗ!"

ಪೋರ್ಚುಗೀಸ್ ನಂಟಿನ ದೇಶಗಳೆಲ್ಲ ಸೇರಿ ಮೊದಲ ಸಲ ಒಂದು ದೊಡ್ಡ ಕ್ರೀಡಾಕೂಟ ನಡೆಸುವವರಿದ್ದರು, ಚೀನಾದ ಕರಾವಳಿಯ ಮಕಾವ್‌ನಲ್ಲಿ. ಬ್ರೆಜಿಲ್, ಪೋರ್ಚುಗಲ್, ಅಂಗೋಲಾ, ಮೊಜಾಂಬಿಕ್‌ಗಳ ಸಾಲಿನಲ್ಲಿ, ಗೋವಾದ ಹಳೆಯ ಸಂಬಂಧದಿಂದಾಗಿ, ಭಾರತಕ್ಕೂ ಒಂದು ಜಾಗ ಸಿಕ್ಕಿತ್ತು. ಗೋವಾದಲ್ಲೇ ಹುಟ್ಟಿ ಬೆಳೆದ ನನ್ನ ಸೊಸೆ, ಅಂದರೆ ಇದೇ ತಂಗಿಯ ಮಗಳು, ಟೇಕ್ವಾಂಡೋ ಆಡುತ್ತಿದ್ದಳು. ಕಾಲಿನಿಂದ ಎದುರಾಳಿಯ ತಲೆಗೆ ಒದೆಯುವ ಆಟ. ನಮ್ಮ ವಂಶದಲ್ಲಿ ಅಲ್ಲಿಯವರೆಗೆ ಯಾರೂ ಕಾಲನ್ನು ಸೊಂಟಕ್ಕಿಂತ ಮೇಲೆ ಎತ್ತಿದ ದಾಖಲೆಯಿಲ್ಲ.

ನನಗೆ ಖುಷಿಗೆ ಕೈಕಾಲು ಆಡಲಿಲ್ಲ. ಅದರ ಬೆನ್ನಿಗೇ ವಿಮಾನ, ಪಾಸ್‌ಪೋರ್ಟು, ಬ್ರೆಜಿಲ್‌ನ ಹುಡುಗಿಯರ ಕಾಲಿನ ಉದ್ದ, ಒಂದೊಂದೇ ನೆನಪಾಗಿ ಬೆವರತೊಡಗಿದೆ.

ಹೊರಡುವ ಮುನ್ನ ತರಬೇತಿ ಕ್ಯಾಂಪಿನಿಂದ ಅವಳಿಗೆ ಕೆಲವು ದಿನ ರಜೆ ಸಿಕ್ಕಿತು. ನಮ್ಮ ಅವ್ವ ಕೂಡಲೇ ಅವಳನ್ನು ಹುಬ್ಬಳ್ಳಿಗೆ ಕರೆಸಿಕೊಂಡಳು. ಸಮುದ್ರ ದಾಟುವ ಹುಡುಗಿ ಬಳಗದವರ ಮನೆಯಲ್ಲಿ ಉಣ್ಣದೆ ಹೋದರೆ ಜನ ಏನಂದಾರು ಎಂಬುದು ಅವಳ ವಾದ. ಮೊಮ್ಮಗಳು ಚೀಲ ಇಳಿಸುವ ಮೊದಲೇ ವಿಚಾರಣೆ ಶುರುವಾಯಿತು.

"ಪೋರ್ಚುಗೀಸ್ ಮಾತಾಡೋರ ಆಟಕ್ಕ ನೀ ಯಾಕವಾ? ನಿನಗ ಕನ್ನಡಾನ ನೆಟ್ಟಗ ಬರೂದಿಲ್ಲ."

"ಆಯೀ, ಅಲ್ಲಿ ಮಾತಾಡೂದಿಲ್ಲ. ಒದಿಯೂದು."

"ಹಂಗಾರ ನಡೀತೈತಿ ಬಿಡು. ಕೈ ತೊಳ್ಕೊ, ಉಣ್ಣಾಕ ಬಾ."

ಆಗ ಹುಡುಗಿ ನನ್ನನ್ನು ಮೂಲೆಗೆ ಕರೆದು ವಿಷಯ ಹೇಳಿದಳು. ಅವಳು ಆಡುವುದು ಐವತ್ತೊಂದು ಕಿಲೋದೊಳಗಿನವರ ಗುಂಪಿನಲ್ಲಿ. ಮರಳಿ ಹೋದ ದಿನವೇ ಮಡಗಾಂವ್‌ನಲ್ಲಿ ಕಡೆಯ ತೂಕ. ಮುಳ್ಳು ಐವತ್ತೊಂದನ್ನು ದಾಟಿದರೆ ಮುಗಿಯಿತು, ಅವಳ ಬದಲಿಗೆ ಕಾಯುತ್ತಿರುವ ಇನ್ನೊಬ್ಬ ಹುಡುಗಿ ವಿಮಾನ ಹತ್ತುತ್ತಾಳೆ. "ಮಾಮಾ, ನೀವ ನನ್ನ ಕಾಯಬೇಕ್ರಿ" ಎಂದಳು. ಚಿಂತೆ ಮಾಡುವವನನ್ನು ಹುಡುಕಿ ಕೆಲಸ ಕೊಟ್ಟಿದ್ದಳು. ನಾನು ಎದೆಯುಬ್ಬಿಸಿದೆ.

ಕೆಲಸ ಸುಲಭದ್ದಲ್ಲ. ನಮ್ಮ ಕಡೆ ದೂರ ಹೊರಟವರನ್ನು ಪ್ರತಿ ಮನೆಯವರೂ ಊಟಕ್ಕೆ ಕರೆಯಲೇಬೇಕು, ಕರೆಸಿಕೊಂಡವರು ಹೋಗಲೇಬೇಕು. ಎಲೆಯ ಮುಂದೆ ಕುಳಿತು 'ಸಾಕು' ಎಂದರೆ ಅದನ್ನು ಯಾರೂ ಬೇಡವೆಂದು ತಿಳಿಯುವುದಿಲ್ಲ, ಬಡಿಸುವವರಿಗೆ ಕೊಟ್ಟ ಹುರುಪು ಎಂದೇ ತಿಳಿಯುತ್ತಾರೆ. ಹೆಬ್ಬಳ್ಳಿಯಲ್ಲಿ ಅತ್ತೆಯ ಮನೆ, ಗರಗದಲ್ಲಿ ಚಿಕ್ಕವ್ವನ ಮನೆ, ಧಾರವಾಡದಲ್ಲಿ ಕಾಕಾನ ಮನೆ. ಹೋಳಿಗೆ, ಮಾದಲಿ, ಮೇಲೆ ಕೈ ಸಡಿಲಿಸಿ ಸುರಿಯುವ ತುಪ್ಪ.

ನನಗೊಂದು ಉಪಾಯ ಹೊಳೆಯಿತು. ಅಂಗಡಿಯಲ್ಲಿ ಚೀಲ ತೂಗುವ ದೊಡ್ಡ ಕಾಟಾ ಇತ್ತಲ್ಲ! ದಿನಾ ಸಂಜೆ ವ್ಯಾಪಾರ ಮುಗಿದ ಮೇಲೆ ಅವಳನ್ನು ಅದರ ಮೇಲೆ ನಿಲ್ಲಿಸಿ ನೋಡುವುದು. ಮೊದಲ ಸಂಜೆ ಮುಳ್ಳು ಐವತ್ತನ್ನೂ ಮುಟ್ಟಲಿಲ್ಲ.

"ಕ್ಯಾಂಪಿನ್ಯಾಗ ಇದಕ್ಕಿಂತ ಜಾಸ್ತಿ ಇತ್ತಲ್ಲ ಮಾಮಾ?"

"ರೈಲಿನ್ಯಾಗ ನಿದ್ದಿಗೆಟ್ಟು ಇಳದಿರಬೇಕು."

ಇದನ್ನು ಕೇಳಿ ಅವ್ವ ಹೌಹಾರಿದಳು. "ಕೂಸು ಸೊರಗೇತಿ! ಇನ್ನೂ ಕಿಲೋದ ಮ್ಯಾಲ ಜಾಗಾ ಐತಿ ಅಂದಂಗಾತು." ಅಂದಿನಿಂದ ನಮ್ಮ ಮನೆಯಲ್ಲಿ ಐವತ್ತೊಂದು ಎಂಬುದು ದಾಟಬಾರದ ಗೆರೆಯಾಗಿ ಉಳಿಯಲಿಲ್ಲ, ತುಂಬಿಸಬೇಕಾದ ಕೊಡವಾಯಿತು. ನಾನೂ ಪ್ರತಿ ಸಂಜೆ ಮುಳ್ಳು ನೋಡಿ ಉದಾರವಾಗಿ ಅಪ್ಪಣೆ ಕೊಡುತ್ತಿದ್ದೆ: ನಾಳೆ ಎರಡು ಹೋಳಿಗೆ ನಡೆಯುತ್ತದೆ, ತುಪ್ಪಕ್ಕೂ ಅಡ್ಡಿಯಿಲ್ಲ. ಹುಡುಗಿ ಹಿಗ್ಗಿ ಹಿಗ್ಗಿ ತಿಂದಳು. ತಿಂಗಳುಗಟ್ಟಲೆ ಬೇಯಿಸಿದ ಕಾಯಿಪಲ್ಲೆ ತಿಂದು ಬಂದವಳು, ಪಾಪ.

ಒಂದು ಸಂಜೆ ಅವಳು ಇಳಿದ ಮೇಲೆ ಸುಮ್ಮನೆ ನಾನೂ ಹತ್ತಿದೆ. ಮುಳ್ಳು ನಿಂತ ಜಾಗ ಕಂಡು, ಇಳಿದು ಮತ್ತೊಮ್ಮೆ ಹತ್ತಿದೆ. ಹಿಂದಿನ ತಿಂಗಳು ಡಾಕ್ಟರರ ಹತ್ತಿರ ತೂಗಿಸಿದಾಗ ಇದ್ದದ್ದಕ್ಕಿಂತ ಒಂದು ಕಿಲೋ ಕಡಿಮೆ! ಮನೆಯಲ್ಲಿ ದಿನಾ ಹಬ್ಬದಡಿಗೆ ನಡೆದಿರುವಾಗ ನಾನು ಇಳಿಯುತ್ತಿದ್ದೇನೆ ಎಂದರೆ? ನನಗೆ ಬರಬಹುದಾದ ರೋಗಗಳನ್ನೆಲ್ಲ ಮನಸ್ಸಿನಲ್ಲೇ ಸಾಲಾಗಿ ನಿಲ್ಲಿಸಿದೆ. ಪ್ರತಿಯೊಂದೂ ನನಗೆ ಹೇಳಿ ಮಾಡಿಸಿದಂತಿತ್ತು. ಯಾರಿಗೂ ಹೇಳದೆ ಮರುದಿನ ಮಧ್ಯಾಹ್ನ ಓಣಿಯ ಡಾಕ್ಟರರ ಬಳಿ ಹೋದೆ.

ಅವರು ತಮ್ಮ ಯಂತ್ರದ ಮೇಲೆ ನನ್ನನ್ನು ನಿಲ್ಲಿಸಿ ನಕ್ಕರು. "ಯಾರ ಹೇಳಿದ್ರು ಇಳದೀರಿ ಅಂತ? ಹೋದ ಸಲಕ್ಕಿಂತ ಒಂಚೂರು ಏರೀರಿ. ಹೋಳಿಗಿ ಕಡಿಮಿ ಮಾಡ್ರಿ."

ಬದುಕಿದೆ ಎಂದುಕೊಂಡು ಹೊರಗೆ ಬಂದೆ. ಚಪ್ಪಲಿ ಮೆಟ್ಟುತ್ತಿರುವಾಗ ಇನ್ನೊಂದು ಚಿಂತೆ ಎದೆಗೆ ಬಡಿಯಿತು. ಡಾಕ್ಟರರ ಯಂತ್ರ ಸರಿ ಇದೆ ಎಂದರೆ ನಮ್ಮ ಕಾಟಾ?

ನಮ್ಮ ಅಂಗಡಿಯಲ್ಲಿ ಬೆಳಗಿನ ಮೊದಲ ಕೆಲಸ, ಒಂದು ಖಾಲಿ ಗೋಣಿಚೀಲವನ್ನು ಕಾಟಾದ ಮೇಲಿಟ್ಟು ಮುಳ್ಳನ್ನು ಸೊನ್ನೆಗೆ ತರುವುದು. ಆಮೇಲೆ ದಿನವಿಡೀ ತೂಗಿದ್ದರಲ್ಲಿ ಚೀಲದ ಭಾರ ತಾನಾಗಿಯೇ ಕಳೆದು, ಬರೀ ಮಾಲಿನ ತೂಕ ಸಿಗುತ್ತದೆ. ಅಪ್ಪ ಹಾಗೇ ಮಾಡುತ್ತಿದ್ದ. ಮೀಸೆ ಮೂಡುವ ಮೊದಲಿನಿಂದ ನಾನೂ ಹಾಗೇ ಮಾಡುತ್ತಿದ್ದೇನೆ. ಆದರೆ ನನ್ನ ಸೊಸೆ ಚೀಲದಲ್ಲಿ ಬಂದಿರಲಿಲ್ಲ! ಇಲ್ಲದ ಗೋಣಿಯ ತೂಕವನ್ನು ದಿನಾ ಸಂಜೆ ಅವಳ ಮೈಯಿಂದ ಕಳೆದು, ಆ ಜಾಗದಲ್ಲಿ ಹೋಳಿಗೆ ತುಂಬಿಸಿದ್ದೆ.

ಅಂದು ಅವಳ ಊಟ ಧಾರವಾಡದ ಕಾಕಾನ ಮನೆಯಲ್ಲಿ. ಸ್ಕೂಟರನ್ನು ಅಷ್ಟು ಜೋರಾಗಿ ಓಡಿಸಿದ್ದು ನನ್ನ ಜನ್ಮದಲ್ಲಿ ಅದೊಂದೇ ಸಲ. ನವಲೂರು ದಾಟುವಾಗ ಒಂದು ಲಾರಿಯನ್ನೂ ಹಿಂದೆ ಹಾಕಿದೆ. ಚಪ್ಪಲಿ ಹಾಕಿಕೊಂಡೇ ಪಡಸಾಲೆಗೆ ನುಗ್ಗಿದಾಗ ಎಲೆಯ ಮೇಲೆ ಎರಡನೆಯ ಶೇಂಗಾ ಹೋಳಿಗೆ, ಕಾಕಾನ ಕೈಯಲ್ಲಿ ತುಪ್ಪದ ಗಿಂಡಿ.

"ತಿನ್ನಬ್ಯಾಡ!" ಎಂದು ಚೀರಿದೆ.

ಕಾಕಾ ಕೆಂಡವಾದ. "ಉಣ್ಣಾಕ ಕುಂತ ಹೆಣ್ಮಗಳ ಕೈ ತಡೀತಿಯೇನಲೇ? ನನ್ನ ಮನಿ ಹೋಳಿಗಿ ಏನ ಪಾಪ ಮಾಡೇತಿ?"

"ಕಾಕಾ, ಕಾಟಾದಾಗ ಚೀಲದ ತೂಕ ಕಳದಿತ್ತರೀ!"

ಕಾಕಾ ಕೂಡ ಹತ್ತಿ ವ್ಯಾಪಾರದಲ್ಲಿ ತಲೆ ನರೆಸಿಕೊಂಡವನು. ಬೇರೆ ಯಾರಿಗಾದರೂ ಅರ್ಧ ತಾಸು ಬಿಡಿಸಿ ಹೇಳಬೇಕಾಗುತ್ತಿತ್ತು. ಅವನು ಗಿಂಡಿಯನ್ನು ತಟ್ಟನೆ ಹಿಂದಕ್ಕೆ ಎಳೆದುಕೊಂಡ. "ಅಯ್ಯ ನಿನ್ನ! ಕೂಸಿನ್ನ ಕಡ್ಲಿ ತೂಗಿದಂಗ ತೂಗೀಯೇನೋ!"

ಹುಡುಗಿ ಎಲೆ ಮಡಚಿ ಎದ್ದಳು. ಹುಬ್ಬಳ್ಳಿಗೆ ಮರಳಿ ತೂಗಿಸಿದಾಗ ಡಾಕ್ಟರರ ಯಂತ್ರ ಹೇಳಿದ್ದು, ಐವತ್ತೊಂದರ ಮೇಲೆ ಮುಕ್ಕಾಲು ಕಿಲೋ. ಉಳಿದದ್ದು ಅಂದಿನ ಸಂಜೆ ಮತ್ತು ಮರುದಿನ. ಅದರ ಮಾರನೆಯ ಬೆಳಿಗ್ಗೆ ಗೋವಾದ ಬಸ್ಸು. ನಾನು ಅಳುವುದೊಂದೇ ಬಾಕಿ. ಅವಳು ಮಾತ್ರ ನನ್ನ ಭುಜ ತಟ್ಟಿದಳು. "ಹೆದರಬ್ಯಾಡ್ರಿ ಮಾಮಾ. ಬೆವರ ಹರಿಸೂದು ನನಗ ಗೊತ್ತೈತಿ. ಮನ್ಯಾಗ ಅಡಗಿ ವಾಸನಿ ಬರದಂಗ ನೋಡ್ಕೊಳ್ರಿ, ಅಷ್ಟ."

ಆ ಮಾತು ಅವ್ವನಿಗೆ ನಾಟಿತು. ಸೆರಗು ಸಿಕ್ಕಿಸಿ ಅಡುಗೆಮನೆಯ ಬಾಗಿಲಿನಲ್ಲಿ ನಿಂತಳು. "ಈಕಿ ಬಸ್ ಹತ್ತೂತನಕ ಈ ಮನ್ಯಾಗ ಒಗ್ಗರಣಿ ಬೀಳಂಗಿಲ್ಲ. ಹಸದವರು ಖಾನಾವಳಿ ನೋಡ್ಕೊಳ್ರಿ." ಉಣ್ಣಿಸಲು ಮುಗಿಬಿದ್ದಿದ್ದ ಬಳಗವೇ ಈಗ ಇಳಿಸಲು ಮುಗಿಬಿದ್ದಿತು. ಬೆಳಕು ಹರಿಯುವಾಗ ನೃಪತುಂಗ ಬೆಟ್ಟದ ಮೆಟ್ಟಿಲುಗಳಲ್ಲಿ ನಮ್ಮದೊಂದು ಮೆರವಣಿಗೆ. ಎರಡು ಸ್ವೆಟರು, ಉಣ್ಣೆ ಟೊಪ್ಪಿಗೆ ಹಾಕಿಕೊಂಡು ಹುಡುಗಿ ಮುಂದೆ. ಧೋತರ ಎತ್ತಿ ಕಟ್ಟಿದ ಕಾಕಾ ಹಿಂದೆ, "ಹತ್ತವಾ ಹುಲೀ, ಹತ್ತು!" ಎಂದು ಕೂಗುತ್ತ. ಅವನ ಹಿಂದೆ ನಾನು, ಅವನಿಗೆ ಎದೆನೋವು ಬಂದೀತೆಂದು ಕಾಯುತ್ತ. ವಾಕಿಂಗಿಗೆ ಬಂದಿದ್ದ ಅಪರಿಚಿತರೂ ಕಾರಣ ಕೇಳಿ ಚಪ್ಪಾಳೆ ತಟ್ಟತೊಡಗಿದರು. ಒಬ್ಬರಂತೂ, "ಬ್ರೆಜಿಲ್‌ದವರಿಗೆ ನಮ್ಮ ಹುಬ್ಬಳ್ಳಿ ತೋರಿಸ ತಂಗೀ!" ಎಂದರು. ಅವಳು ಗೋವಾದವಳು ಎಂದು ತಿದ್ದುವ ಮನಸ್ಸು ನನಗೂ ಆಗಲಿಲ್ಲ.

ಸಂಜೆ ಡಾಕ್ಟರರ ಯಂತ್ರದಲ್ಲಿ ಮುಳ್ಳು ಐವತ್ತೊಂದರ ಗೆರೆಯ ಮೇಲೆ ನಡುಗುತ್ತ ನಿಂತಿತು. ಒಳಗೂ ಅಲ್ಲ, ಹೊರಗೂ ಅಲ್ಲ.

ಬಸ್ಸಿನಲ್ಲಿ ಅವಳು ಒಂದು ಗುಟುಕು ನೀರೂ ಕುಡಿಯಲಿಲ್ಲ. ಎದುರು ಸೀಟಿನ ಅಜ್ಜ ರೊಟ್ಟಿಯ ಬುತ್ತಿ ಬಿಚ್ಚಿ "ತಗೋರಿ ತಂಗಿ" ಎಂದಾಗ ಅವಳು ಕಣ್ಣು ಮುಚ್ಚಿದಳು. ನಾನು ಆ ಅಜ್ಜನನ್ನು ಕೊಲೆಗಾರನನ್ನು ನೋಡುವಂತೆ ನೋಡಿದೆ.

ಮಡಗಾಂವ್‌ನ ಒಳಾಂಗಣದಲ್ಲಿ ತೂಕದ ಕೋಣೆಯ ಬಾಗಿಲು ಮುಚ್ಚಿತ್ತು. ಹೊರಗೆ ಬೆಂಚಿನ ಮೇಲೆ ತಂಗಿ, ನಾನು. ಬೆಂಚಿನ ಇನ್ನೊಂದು ತುದಿಯಲ್ಲಿ ಆ ಇನ್ನೊಬ್ಬ ಹುಡುಗಿ, ಕಾಲ ಬಳಿ ತುಂಬಿದ ಬ್ಯಾಗು. ಅವಳ ಅಪ್ಪ ಹೊಸ ಅಂಗಿ ತೊಟ್ಟು ನಿಂತಿದ್ದರು. ನಮ್ಮವಳು ಗೆಲ್ಲಲಿ ಎಂದು ಬೇಡುವಾಗಲೆಲ್ಲ ಆ ಬ್ಯಾಗಿನ ಮೇಲೆ ಕಣ್ಣು ಬಿದ್ದು, ಬೇಡಿಕೆ ನಡುವೆಯೇ ನಿಂತುಬಿಡುತ್ತಿತ್ತು.

ಬಾಗಿಲು ತೆರೆಯಿತು. ನಮ್ಮ ಹುಡುಗಿ ಹೊರಬಂದಳು. ತುಟಿ ಒಡೆದಿತ್ತು, ಮುಖ ಅರ್ಧಕ್ಕೆ ಇಳಿದಿತ್ತು. ತಂಗಿ ಎದ್ದು ನಿಂತಳು. ಮಾತಾಡಲಾರದಷ್ಟು ಬಾಯಿ ಒಣಗಿದ್ದ ಹುಡುಗಿ ಹೆಬ್ಬೆರಳನ್ನಷ್ಟೇ ಮೇಲೆತ್ತಿ ತೋರಿಸಿದಳು. ಒಳಗೇ ಇತ್ತು! ಕೂದಲೆಳೆಯಷ್ಟು, ಆದರೆ ಒಳಗೆ!

ನಾನೂ ತಂಗಿಯೂ ಏನು ಕೂಗಿದೆವೋ ನೆನಪಿಲ್ಲ. ನೆನಪಿರುವುದು ಇಷ್ಟು: ಆ ಇನ್ನೊಬ್ಬ ಹುಡುಗಿ ಒಂದು ಕ್ಷಣ ನೆಲ ನೋಡಿದಳು. ಆಮೇಲೆ ಬಗ್ಗಿ ತನ್ನ ಬ್ಯಾಗಿನ ಜಿಪ್ ಎಳೆದು, ದಾರಿಗೆಂದು ತಂದಿದ್ದ ನೀರಿನ ಬಾಟಲಿ ತೆಗೆದಳು. ನಮ್ಮವಳ ಬೆನ್ನಿಗೆ ಒಂದು ಗುದ್ದು ಗುದ್ದಿ, ಕೊಂಕಣಿಯಲ್ಲಿ ಏನೋ ಬೈದು, ಬಾಟಲಿಯನ್ನು ಅವಳ ಕೈಗಿಟ್ಟಳು. ಇಬ್ಬರೂ ನಕ್ಕರು, ಒಬ್ಬಳ ಕಣ್ಣು ತುಂಬಿತ್ತು.

ಹುಡುಗಿ ಬಾಟಲಿ ಎತ್ತಿ ಗಟಗಟ ಕುಡಿಯತೊಡಗಿದಳು.

"ಸಾವಕಾಶ ಕುಡಿಯವಾ," ಎಂದೆ ನಾನು, "ನೆತ್ತಿಗೆ ಹತ್ತೀತು."