ಯೂಸುಫಾಕನ ಮೂಗು

ಕುದ್ರೋಳಿಯಲ್ಲಿ ನನ್ನ ಪಂಕ್ಚರ್ ಅಂಗಡಿಗೆ ತಾಗಿಕೊಂಡೇ ಯೂಸುಫನ ಆಟೋ ಇಲೆಕ್ಟ್ರಿಕಲ್ ಅಂಗಡಿ. ನಡುವೆ ಒಂದು ತಗಡಿನ ಗೋಡೆ ಮಾತ್ರ. ಅವನು ಸೀನಿದರೂ ನನಗೆ ಕೇಳುತ್ತದೆ. ಅಂಥವನು ಇಷ್ಟು ದೊಡ್ಡ ಗುಟ್ಟನ್ನು ನನ್ನಿಂದ ಬಚ್ಚಿಟ್ಟನಲ್ಲ, ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಯೂಸುಫನಿಗೆ ಹೆಸರು ಬಂದದ್ದೇ ಅವನ ಮೂಗಿನಿಂದ. ವಯರಿಂಗ್ ಕೆಲಸ ಮುಗಿದ ಕೂಡಲೇ ಗಾಡಿ ಚಾಲೂ ಮಾಡಿ, ಲೈಟು, ಫ್ಯಾನು, ಎಸಿ ಎಲ್ಲ ಒಟ್ಟಿಗೆ ಹಾಕಿ, ಬಾನೆಟ್ ಎತ್ತಿ, ಕಣ್ಣು ಮುಚ್ಚಿ ಮೂಸುತ್ತಿದ್ದ. ಎಲ್ಲಿಯಾದರೂ ವಯರು ಬಿಸಿಯಾಗುತ್ತಿದ್ದರೆ ಹೊಗೆ ಏಳುವ ಮೊದಲೇ ಅವನಿಗೆ ಗೊತ್ತಾಗುತ್ತಿತ್ತು. "ಹೋಗು, ಎಂತದೂ ಇಲ್ಲ" ಎಂದನೆಂದರೆ ಮುಗಿಯಿತು. ಮೀಟರ್ ಹಿಡಿದು ತೋರಿಸು ಎಂದು ಕೇಳಿದವರನ್ನು ನಾನು ಕಂಡಿಲ್ಲ.

ಆ ಹಾಳು ಕೊರೋನಾ ಜ್ವರ ಅವನ ಮೂಗನ್ನು ಕೊಂಡುಹೋಯಿತು. ಎಲ್ಲರಿಗೂ ವಾಸನೆ ಹೋಯಿತು, ಎಲ್ಲರಿಗೂ ತಿರುಗಿ ಬಂತು. ಇವನಿಗೆ ಬರಲಿಲ್ಲ. ಸುಟ್ಟ ವಯರು, ಪೆಟ್ರೋಲು, ಹುರಿದ ಬಂಗುಡೆ ಮೀನು ಎಲ್ಲವೂ ಒಂದೇ, ಬರೀ ಗಾಳಿ. ಹೊರಗೆ ಹೇಳಿದರೆ ಅಂಗಡಿಗೆ ಬಾಗಿಲು ಹಾಕಬೇಕಾಗುತ್ತದೆ ಎಂದು ಹೆದರಿ ಸುಮ್ಮನಿದ್ದ. ಅಂದಿನಿಂದ ಅವನ ಹೆಂಡತಿ ನಾಝಿಮಾ ಮಧ್ಯಾಹ್ನದ ಊಟ ತಾನೇ ತರತೊಡಗಿದಳು. ಬುತ್ತಿ ಹಿಡಿದುಕೊಂಡೇ ಬಾನೆಟ್ಟಿನ ಪಕ್ಕ ಸ್ವಲ್ಪ ಹೊತ್ತು ನಿಲ್ಲುವಳು. ಯೂಸುಫ್ ಎಂದಿನಂತೆ ಕಣ್ಣು ಮುಚ್ಚಿ ಮೂಸುವ ಆಟ ಆಡುವನು. ಆಮೇಲೆ ಅವಳ ಮುಖ ನೋಡುವನು. ಅವಳು ಸರಿ ಎಂದು ತಲೆ ಅಲ್ಲಾಡಿಸಿದರೆ ಗಾಡಿ ಹೊರಗೆ. ಇದೇನೂ ಗೊತ್ತಿಲ್ಲದ ನಾನು, "ಈ ವಯಸ್ಸಿನಲ್ಲಿ ಎಂತ ಪ್ರೀತಿ ಮಾರಾಯ" ಎಂದು ಗೇಲಿ ಮಾಡುತ್ತಿದ್ದೆ.

ಮೊನ್ನೆ ಶಕ್ತಿನಗರದ ನಳಿನಾಕ್ಷಿಯ ವ್ಯಾನು ಬಂದಿತ್ತು. ಶಾಲೆ ಮಕ್ಕಳನ್ನು ಸಾಗಿಸುವ ಗಾಡಿ, ಓಡಿಸುವವಳೂ ಅವಳೇ. ಮಕ್ಕಳ ಅಪ್ಪ ಅಮ್ಮಂದಿರು ಕೇಳಿದ್ದಕ್ಕೆಲ್ಲ ಹೂಂ ಎಂದು ಕ್ಯಾಮರಾ ಹಾಕಿಸಿದ್ದಳು, ಫ್ಯಾನು ಹಾಕಿಸಿದ್ದಳು, ಕೊನೆಗೆ ಎಸಿಯನ್ನೂ. ಬ್ಯಾಟರಿ ದಿನಾ ಮಲಗುತ್ತಿತ್ತು. ಎಂಜಿನ್ ತಿರುಗುವಾಗ ಕರೆಂಟ್ ಹುಟ್ಟಿಸಿ ಬ್ಯಾಟರಿ ತುಂಬಿಸುವುದು ಆಲ್ಟರ್ನೇಟರ್. ಇಷ್ಟು ಲೋಡಿಗೆ ಹಳೆಯದು ಸಾಲದೆಂದು ಯೂಸುಫ್ ದೊಡ್ಡದನ್ನು ಕೂರಿಸಿದ. ಅದರಿಂದ ಬ್ಯಾಟರಿಗೆ ಹೋಗುವ ಸಪೂರ ವಯರು ಕಿತ್ತು ದಪ್ಪದ್ದು ಎಳೆದ, ಫ್ಯೂಸ್ ಹಾಕಿದ.

ಹಾಕಿ ಮುಗಿಸಿದರೂ ಅವನಿಗೆ ಸಮಾಧಾನವಿಲ್ಲ. ಬಿಗಿ ಮಾಡಿದ ನಟ್ಟನ್ನೇ ಮತ್ತೆ ಬಿಗಿ ಮಾಡುತ್ತಾನೆ. ವಯರನ್ನು ಕೈಯ ಹಿಂಬದಿಯಿಂದ ಮುಟ್ಟುತ್ತಾನೆ, ಬೆವರು ಒರೆಸುತ್ತಾನೆ, ಮತ್ತೆ ಮುಟ್ಟುತ್ತಾನೆ. ಮಾಡಿದ್ದು ದೊಡ್ಡ ಕರೆಂಟಿನ ಕೆಲಸ, ಒಳಗೆ ಕೂರುವುದು ಮಕ್ಕಳು.

ನಾಝಿಮಾ ಬಂದಳು. ಯೂಸುಫ್ ಎಲ್ಲ ಸ್ವಿಚ್ಚು ಹಾಕಿ ಎಂಜಿನ್ ಓಡಲು ಬಿಟ್ಟ. ಅವಳು ಬುತ್ತಿ ಹಿಡಿದು ನಿಂತಳು, ನಿಂತೇ ಇದ್ದಳು. ಆಮೇಲೆ ತಲೆ ಅಲ್ಲಾಡಿಸಿದಳು. ಇವನ ಹೆಗಲು ಇಳಿಯಿತು.

"ಹೋಗಿ ನಳಿನಕ್ಕ, ಎಂತದೂ ಇಲ್ಲ."

ನಳಿನಾಕ್ಷಿ ಬಾಗಿಲು ತೆಗೆದವಳು ಅಲ್ಲಿಯೇ ನಿಂತಳು. "ಯೂಸುಫಾಕ, ಎಂತದೋ ಸುಟ್ಟ ವಾಸನೆ ಬರ್ತಾ ಉಂಟಲ್ಲ?"

ಅಷ್ಟರಲ್ಲಿ ನನ್ನ ಅಂಗಡಿಗೂ ಅದು ಬಂದಿತ್ತು. ಟ್ಯೂಬಿಗೆ ಹಚ್ಚುವ ಸೊಲ್ಯೂಷನ್ನಿನ ಘಾಟಿನ ನಡುವೆ ಕೂತ ನನ್ನ ಮೂಗಿಗೇ ಹೊಡೆಯಿತು. ಯೂಸುಫ್ ಹಾರಿ ಎಂಜಿನ್ ಬಂದ್ ಮಾಡಿದ. ಹೋಗುವ ವಯರು ದಪ್ಪ ಮಾಡಿದ್ದ, ಎಂಜಿನ್ನಿಗೆ ಕರೆಂಟ್ ತಿರುಗಿ ಬರುವ ಅರ್ಥಿಂಗ್ ವಯರು ಮಾತ್ರ ಹಳೆಯದೇ ಉಳಿದಿತ್ತು. ಅದರ ಕಪ್ಪು ಸಿಪ್ಪೆ ಮೆತ್ತಗಾಗಿ ಅವನ ಬೆರಳಿಗೆ ಅಂಟಿತು.

ಅವನು ಬೆರಳು ನೋಡಿದ, ಹೆಂಡತಿಯನ್ನು ನೋಡಿದ. "ನಿನಗೆ ಬರಲಿಲ್ವಾ?"

ನಾಝಿಮಾ ಬುತ್ತಿಯ ಮುಚ್ಚಳವನ್ನು ತಿರುಗಿಸುತ್ತಾ ನಿಂತಿದ್ದಳು. "ನನಗೂ ಬರುವುದಿಲ್ಲ," ಎಂದಳು. "ಅದೇ ಜ್ವರದಲ್ಲಿ ಹೋದದ್ದು. ನೀವು ಅಂಗಡಿ ಮುಚ್ಚುತ್ತೇನೆ ಅಂತ ಅಳ್ತಾ ಇದ್ರಿ. ನನಗೆ ಬಂತು ಅಂತ ಸುಳ್ಳು ಹೇಳಿದೆ. ಇವತ್ತು ನಾಳೆ ನಿಜವಾಗಿಯೂ ಬಂದೀತು ಅಂತ ಕಾದೆ."

ಅವನು ಬೈಯುತ್ತಾನೆ ಎಂದು ನಾನು ಕಾದೆ, ಬೈಯಲಿಲ್ಲ. ದಪ್ಪ ಅರ್ಥಿಂಗ್ ವಯರು ತಂದು ಹಾಕಿದ. ನಳಿನಾಕ್ಷಿಯನ್ನೇ ಬಾನೆಟ್ಟಿನ ಬಳಿ ನಿಲ್ಲಿಸಿ, ಅವಳು ಸಾಕು ಎನ್ನುವವರೆಗೆ ಮೂಸಿಸಿ ಕಳಿಸಿದ. ಆಮೇಲೆ ಸ್ಟೂಲಿನ ಮೇಲೆ ಕೂತವನು ಊಟ ಮುಟ್ಟಲಿಲ್ಲ. ಹೆಂಡತಿ ತಲೆ ಅಲ್ಲಾಡಿಸಿದ್ದಕ್ಕೆ ರಸ್ತೆಗಿಳಿದ ಗಾಡಿಗಳೆಲ್ಲ ಅವನ ಕಣ್ಣ ಮುಂದೆ ಓಡುತ್ತಿದ್ದಿರಬೇಕು. ನನ್ನ ಓಮ್ನಿಗೂ ವಯರಿಂಗ್ ಮಾಡಿದ್ದು ಇವನೇ ಎಂದು ನನಗೆ ನೆನಪಾದದ್ದೂ ಆಗಲೇ.

ನನ್ನ ಫೋನ್ ರಿಂಗಾಯಿತು. ಯೂಸುಫ್! ತಗಡಿನ ಆಚೆ ಕೂತವನು ನನಗೆ ಫೋನ್ ಮಾಡುತ್ತಿದ್ದಾನೆ. ಅವನ ಸ್ವರ ಎರಡೂ ಕಡೆಯಿಂದ ಕೇಳಿತು.

"ಕ್ಯಾಲ್ವಿನ್, ನಿನ್ನ ಓಮ್ನಿ ಸ್ವಲ್ಪ ತಾ ಮಾರಾಯ. ಮೊದಲು ನಿಂದು ನೋಡ್ತೇನೆ."

ಆ ಓಮ್ನಿಯಲ್ಲಿ ನನ್ನ ಹೆಂಡತಿ ಎವ್ಲಿನ್ ಪ್ರತಿ ಆದಿತ್ಯವಾರ ಮಕ್ಕಳನ್ನು ಇಗರ್ಜಿಗೆ ಕರೆದುಕೊಂಡು ಹೋಗುತ್ತಾಳೆ. ನನಗೆ ಬೆಂಕಿಯಂಥ ಸಿಟ್ಟು ಬಂತು. ಬಾಯಿಗೆ ಬಂದದ್ದೆಲ್ಲ ಬೈಯಬೇಕೆಂದು ಎದ್ದು ಹೋದೆ. ನೋಡಿದರೆ ಅವನು ಫೋನ್ ಇನ್ನೂ ಕಿವಿಗೆ ಹಿಡಿದುಕೊಂಡೇ ಇದ್ದ. ಮೂಲೆಯಲ್ಲಿ ನಾಝಿಮಾ ಬೆನ್ನು ತಿರುಗಿಸಿ ನಿಂತಿದ್ದಳು.

ಬೈಯಲಾಗಲಿಲ್ಲ. ಓಮ್ನಿ ತಂದು ನಿಲ್ಲಿಸಿ, ಲೈಟು ಫ್ಯಾನು ಎಲ್ಲ ಹಾಕಿ, ಮುಂದಿನ ಸೀಟು ಎತ್ತಿ ಎಂಜಿನ್ ಮೇಲೆ ತಲೆ ಬಗ್ಗಿಸಿದೆ. ನನಗೆ ಗೊತ್ತಿದ್ದ ದೇವರನ್ನೆಲ್ಲ ನೆನೆದು ಉಸಿರೆಳೆದೆ.

"ಎಂತ?" ಎಂದ ಯೂಸುಫ್.

"ಎಂತದೂ ಇಲ್ಲ."

ಅವನು ನನ್ನ ಮುಖವನ್ನೇ ನೋಡುತ್ತಿದ್ದ. "ಸತ್ಯ ಹೇಳು ಕ್ಯಾಲ್ವಿನ್," ಎಂದ. "ಇನ್ನೊಮ್ಮೆ ಮೂಸು."