ಆಗುತ್ತೆ ಅಂದಿದ್ದೆ ಕಣೇ

ಮಂಜು, ಅವತ್ತು ಸುಳ್ಳು ಹೇಳಿದವಳು ನೀನಲ್ಲ, ನಾನು. ಸೀಲ್ ಟೆಸ್ಟ್ ಆಗಿದೆ ಎಂದು ನೀನು ಯಾವತ್ತೂ ಹೇಳಿರಲಿಲ್ಲ. ನೀನು ಹಾಗೆ ಹೇಳಿದೆ ಎಂದು ತುಂಬಿದ ಮೀಟಿಂಗಿನಲ್ಲಿ ಹೇಳಿದವಳು ನಾನು. ಇದು ನಿನಗೆ ಗೊತ್ತೇ ಇದೆ — ಗೊತ್ತಿಲ್ಲದಿರುವುದು ಉಳಿದವರಿಗೆಲ್ಲ. ಆದರೂ ನಿನಗೇ ಬರೆಯುತ್ತಿದ್ದೇನೆ, ಯಾಕೆಂದರೆ ನನ್ನ ಬಾಯಿಂದ ನೀನು ಅದನ್ನು ಇನ್ನೂ ಕೇಳಿಲ್ಲ. ಐದು ವರ್ಷದಿಂದ ಮೆಟ್ಟಿಲ ಮೇಲೆ ಎದುರಾದಾಗ “ಮೇಲೆ ನೀರು ಬಂತಾ” ಎನ್ನುತ್ತೀಯ, “ಬಂತು” ಎನ್ನುತ್ತೇನೆ. ಸಿಂಗಸಂದ್ರದ ಒಂದೇ ಮನೆಯಲ್ಲಿ, ನೀವು ಕೆಳಗೆ, ನಾನು ಬಾಡಿಗೆಗೆ ಮೇಲೆ. ನಮ್ಮಿಬ್ಬರ ನಡುವೆ ಉಳಿದಿರುವ ಮಾತು ಅಷ್ಟೇ.

ಬೇರೆಯವರು ಓದಿದರೂ ತಿಳಿಯಲಿ ಎಂದು ಮೊದಲಿನಿಂದ ಬರೆಯುತ್ತೇನೆ.

ಎಲೆಕ್ಟ್ರಾನಿಕ್ ಸಿಟಿಯ ನಮ್ಮ ಕಂಪನಿ ಚಿಕ್ಕದು. ಸೈನಿಕರ ಬಂದೂಕಿನ ಮೇಲೆ ಕೂರಿಸುವ, ಕತ್ತಲಲ್ಲೂ ಗುರಿ ಕಾಣಿಸುವ ಸೈಟ್ ಎನ್ನುವ ದುರ್ಬೀನು ಮಾಡಲು ಹೊರಟಿತ್ತು. ಹೊರದೇಶದಿಂದ ತರಿಸುವುದನ್ನು ನಾವು ಇಲ್ಲೇ, ಹೊಸೂರು ರೋಡಿನ ಪಕ್ಕದಲ್ಲೇ ಮಾಡುತ್ತೇವೆ ಎನ್ನುವ ಜಂಬ ನಮಗೆಲ್ಲ. ನೀನು ಅದರ ಡಿಸೈನರ್. ನಾನು ಪ್ರಾಜೆಕ್ಟ್ ಮ್ಯಾನೇಜರ್ — ಎಂದರೆ, ಕೆಳಗಿನವರ ಮಾತನ್ನು ಮೇಲಿನವರಿಗೆ, ಮೇಲಿನವರ ಬೈಗುಳವನ್ನು ಕೆಳಗಿನವರಿಗೆ ಸಾಗಿಸುವವಳು. ಸೈನ್ಯದವರ ಜೊತೆ ನಾನೊಬ್ಬಳೇ ಮಾತಾಡಬೇಕು ಎನ್ನುವುದು ಕಂಪನಿಯ ನಿಯಮ.

ಆ ಸೈಟಿಗಿದ್ದ ಕಾಟ ಒಂದೇ, ಮಂಜು ಕಟ್ಟುವುದು. ಬಿಸಿ ಕಾಫಿ ಬಾಯಿಗಿಟ್ಟಾಗ ಕನ್ನಡಕಕ್ಕೆ ಹಬೆ ಹತ್ತುತ್ತದಲ್ಲ, ಹಾಗೆ. ಬೆಚ್ಚಗಿನ ಜಾಗದಿಂದ ಕೊರೆಯುವ ಚಳಿಗೆ ತೆಗೆದರೆ ಗಾಜಿನ ಒಳಮೈ ಬೆಳ್ಳಗಾಗಿ ಏನೂ ಕಾಣದು. ಅದಕ್ಕೆ ಒಳಗೆ ತೇವವೇ ಇರದಂತೆ ಮಾಡಿ, ರಬ್ಬರ್ ರಿಂಗ್ ಹಾಕಿ, ಒಂದಿಷ್ಟೂ ಗಾಳಿ ಆಡದಂತೆ ಮುಚ್ಚಬೇಕು. “ನನ್ನ ಹೆಸರೂ ಮಂಜು, ಕೊಟ್ಟಿರೋ ಕೆಲ್ಸಾನೂ ಮಂಜು ಓಡ್ಸೋದು. ಒಂದಿನ ನನ್ನನ್ನೇ ಓಡಿಸ್ತಾರೆ ನೋಡ್ತಿರು,” ಎಂದು ನೀನು ನಗುತ್ತಿದ್ದೆ. ನಾನೂ ನಗುತ್ತಿದ್ದೆ.

ನಿನಗೆ ಕೆಲಸದ ಅಗತ್ಯವಿರಲಿಲ್ಲ ಎಂದು ಆಫೀಸಿನಲ್ಲಿ ಎಲ್ಲರೂ ಆಡಿಕೊಳ್ಳುತ್ತಿದ್ದರು. ನಿಮ್ಮಜ್ಜ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಸಾಲು ಸಾಲು ಬಾಡಿಗೆ ಮನೆ. “ಮೇಡಂಗೇನು, ಟೈಂಪಾಸ್‌ಗೆ ಬರ್ತಾರೆ” ಎನ್ನುವವರಿಗೆ ನೀನು ಉತ್ತರ ಕೊಡುತ್ತಿರಲಿಲ್ಲ. ನನಗೆ ಮಾತ್ರ ಹೇಳಿದ್ದೆ — ಬಾಡಿಗೆ ಕೇಳಿಕೊಂಡು ಬಾಗಿಲು ಬಾಗಿಲು ತಟ್ಟುವುದು ನನ್ನಿಂದಾಗದು, ನಾನೇ ಮಾಡಿದ್ದು ಅಂತ ಒಂದು ವಸ್ತು ಈ ಕೈಯಿಂದ ಆಗಬೇಕು ಎಂದು. ಆ ಮಾತು ಕೇಳಿದವಳು ನಾನೊಬ್ಬಳೇ. ಮದುವೆಯಾಗದ ಹುಡುಗಿ ಒಬ್ಬಳಿಗೇ ಮನೆ ಕೊಡುವುದಿಲ್ಲ ಎಂದು ಊರೆಲ್ಲ ಅಂದಾಗ ನಿಮ್ಮಮ್ಮ ಗೌರಮ್ಮನವರು ನನಗೆ ಬೀಗದ ಕೈ ಕೊಟ್ಟದ್ದು ನಿನ್ನ ಒಂದು ಮಾತಿನ ಮೇಲೆ. ಉಂಡ ಮನೆಗೆ ಎರಡು ಬಗೆಯಬಾರದು ಎನ್ನುತ್ತಾರೆ. ನಾನು ಇರುವ ಮನೆಗೇ ಬಗೆದೆ.

ಆ ನವೆಂಬರಿನಲ್ಲಿ ಮೇಜರ್ ಸಾಹೇಬರು ಬಂದರು. ಗಡಿಯ ಚಳಿಯಲ್ಲಿ ನಮ್ಮ ಸೈಟಿನ ಪರೀಕ್ಷೆ ಮಾಡಿಸಬೇಕಿದ್ದವರು ಅವರು. ಈ ಚಳಿಗಾಲ ತಪ್ಪಿದರೆ ಇನ್ನು ಮುಂದಿನ ಚಳಿಗಾಲವೇ. ಎಲ್ಲ ಸರಿಯಾಗಿ ನಡೆಯುತ್ತಿತ್ತು, ಮುಚ್ಚಿದ್ದು ಸೋರುತ್ತದೆಯೇ ಎಂದು ನೋಡುವ ಸೀಲ್ ಟೆಸ್ಟಿನ ಪ್ರಶ್ನೆ ಬರುವ ತನಕ. ನಾನು ಹೊರಗೆ ಬಂದು ಲ್ಯಾಬಿನಲ್ಲಿದ್ದ ನಿನಗೆ ಫೋನ್ ಮಾಡಿದೆ. ಆಯ್ತಾ ಎಂದು ಕೇಳಿದೆ. “ಆಗುತ್ತೆ ಕಣೇ, ಶುಕ್ರವಾರಕ್ಕೆ. ಈಗ್ಲೇ ಆಯ್ತು ಅಂದ್ಬಿಡ್ಬೇಡ ಮತ್ತೆ,” ಅಂದೆ ನೀನು. ಎಷ್ಟು ಸ್ಪಷ್ಟವಾಗಿ ಅಂದೆ. ನನ್ನ ಬುದ್ಧಿ ನಿನಗೆ ಗೊತ್ತಿತ್ತೋ ಏನೋ.

ಒಳಗೆ ಹೋದೆ. ಎಂ.ಡಿ. ನನ್ನ ಮುಖ ನೋಡಿದರು. ಮೇಜರ್ ಪೆನ್ನು ಕೆಳಗಿಟ್ಟು, ಆಯಿತಾ ಎಂದು ಹಿಂದಿಯಲ್ಲಿ ಕೇಳಿದರು, “ಹೋ ಗಯಾ?”

“ಹೋ ಗಯಾ ಸರ್,” ಅಂದೆ.

ಭಾಷೆ ಬದಲಾಗುವಾಗ ಜಾರಿದ ತಪ್ಪಲ್ಲ ಅದು. ಜಾರಿದ್ದು ಎಂದೇ ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡೆ. ‘ಆಗುತ್ತೆ’ ಎನ್ನುವುದಕ್ಕೆ ಹಿಂದಿ ನನಗೆ ಚೆನ್ನಾಗಿಯೇ ಬರುತ್ತದೆ. ಇಲ್ಲ ಎಂದರೆ ಎಂ.ಡಿ. ಮುಖ ಗಂಟಾಗುತ್ತಿತ್ತು, ಮೇಜರ್ ಕೈಗಡಿಯಾರ ನೋಡುತ್ತಿದ್ದರು, ಆ ಕೋಣೆಯ ಖುಷಿ ನನ್ನ ಬಾಯಿಂದ ಕೆಡುತ್ತಿತ್ತು — ಅಷ್ಟಕ್ಕೇ. ಶುಕ್ರವಾರ ಹೇಗೂ ಆಗುತ್ತದೆ, ಆಮೇಲೆ ಸುಳ್ಳೂ ನಿಜವಾಗುತ್ತದೆ ಎಂದುಕೊಂಡೆ. ಗುರುವಾರವೇ ಸೈಟುಗಳ ಬಾಕ್ಸುಗಳು ಗಡಿಗೆ ಹೊರಟವು. ಸೀಲ್ ಬಾಕಿ ಇದೆ ಎಂದು ಅವರಿಗೆ ತಿಳಿಸಿದ್ದೀಯಾ ಎಂದು ಕೇಳಿದೆ ನೀನು. ಹೂಂ ಅಂದೆ ನಾನು.

ಶುಕ್ರವಾರ ನಿನ್ನ ಟೆಸ್ಟಿನಲ್ಲಿ ರಿಂಗುಗಳು ಸೋರಿದವು. ಓಡಿಬಂದೆ ನೀನು, ಕೈಯಲ್ಲಿ ಬೇರೆ ರಬ್ಬರಿನ ರಿಂಗ್. ಹೊಸದು ಸೋರುತ್ತಿಲ್ಲ ನೋಡು ಎಂದು ನನ್ನ ಬೆರಳಿಗೆ ಉಂಗುರದ ಹಾಗೆ ತೊಡಿಸಿದ್ದೆ. “ಬಾಕ್ಸ್ ತೆಗೀಬೇಡಿ ಅಂತ ಮೇಜರ್‌ಗೆ ಹೇಳು. ರಿಂಗ್ ಬದಲಾಯಿಸೋಕೆ ನಾನೇ ಹೋಗ್ಬರ್ತೀನಿ. ಈ ಸಲ ಆಗ್ಲಿಲ್ಲಾಂದ್ರೆ ಮುಂದಿನ ವರ್ಷ, ಪ್ರಾಣ ಏನೂ ಹೋಗಲ್ಲ.”

ಹೇಳ್ತೀನಿ ಅಂದೆ. ಹೇಳಲಿಲ್ಲ. ಹೇಳಿದ್ದರೆ ಮೊದಲು ‘ಹೋ ಗಯಾ’ ಅಂದದ್ದನ್ನೂ ಹೇಳಬೇಕಾಗುತ್ತಿತ್ತು. ಫೋನ್ ಕೈಗೆತ್ತಿಕೊಳ್ಳುವುದು, ಕೆಳಗಿಡುವುದು... ಸೋಮವಾರ ಹೇಳೋಣ, ಅಲ್ಲಿಗೆ ತಲುಪಿದ ಮೇಲೆ ಹೇಳೋಣ... ನಿನಗೆ ಮಾತ್ರ, ಹೇಳಿದೆ ಕಣೇ, ಏನೋ ವ್ಯವಸ್ಥೆ ಮಾಡಿಕೊಳ್ಳುತ್ತಾರಂತೆ, ನೀನು ಹೋಗುವುದು ಬೇಡವಂತೆ ಅಂದೆ. ನಂಬಿದೆ ನೀನು. ನಂಬದೇ ಇರಲು ನಾನೇನು ಹೊರಗಿನವಳೇ.

ಪರೀಕ್ಷೆಯ ವಿಡಿಯೋ ಬಂತು. ಎಂ.ಡಿ. ಎಲ್ಲರನ್ನೂ ಕೂರಿಸಿ ತೋರಿಸಿದರು. ಮೇಜರ್ ಕೂಡ ಬಂದಿದ್ದರು. ಹಿಮದಲ್ಲಿ ಮಲಗಿದ ಒಬ್ಬ ಸೈನಿಕ ಸೈಟಿಗೆ ಕಣ್ಣಿಡುತ್ತಾನೆ. ಕೈಗವಸಿನಿಂದ ಗಾಜು ಒರೆಸುತ್ತಾನೆ. ಮತ್ತೆ ಕಣ್ಣಿಡುತ್ತಾನೆ. ಮತ್ತೆ ಒರೆಸುತ್ತಾನೆ. ಮಂಜು ಇದ್ದದ್ದು ಒಳಗೆ, ಅವನು ಒರೆಸುತ್ತಿದ್ದದ್ದು ಹೊರಗೆ. ಕೊಟ್ಟ ವಸ್ತುವಿನಲ್ಲೇ ದೋಷವಿದ್ದೀತು ಎಂದು ಅವನಿಗೆ ಹೊಳೆದಂತೆ ಕಾಣಲಿಲ್ಲ, ತನ್ನದೇ ಏನೋ ತಪ್ಪು ಎನ್ನುವ ಹಾಗೆ ಒರೆಸುತ್ತಲೇ ಇದ್ದ. ಅದು ಪರೀಕ್ಷೆ, ಯುದ್ಧವಲ್ಲ, ಯಾರಿಗೂ ಏನೂ ಆಗಲಿಲ್ಲ — ಇದನ್ನೂ ಬಹಳ ಸಲ ಹೇಳಿಕೊಂಡಿದ್ದೇನೆ.

ಮೇಜರ್ ಕೂಗಾಡಲಿಲ್ಲ. ಟೆಸ್ಟ್ ಆಗಿದೆ ಎಂದು ಇದೇ ಕೋಣೆಯಲ್ಲಿ ನನಗೆ ಹೇಳಿದಿರಿ, ಅಂದರು ಅಷ್ಟೇ. ಎಂ.ಡಿ. ನನ್ನ ಕಡೆ ತಿರುಗಿದರು. ಏನೇ ಬಂದರೂ ಒಬ್ಬರ ಹೆಸರು ಹೊರಗೆ ಬರುವುದಿಲ್ಲ, ಇಡೀ ತಂಡದ ಹೊಣೆ ಎಂದು ಹಿಂದಿನ ದಿನವಷ್ಟೇ ಮಾತು ಕೊಟ್ಟಿದ್ದ ಮನುಷ್ಯ, “ಯಾರಮ್ಮ ನಿಂಗೆ ಆಗಿದೆ ಅಂತ ಹೇಳಿದ್ದು?” ಎಂದು ಎಲ್ಲರೆದುರು ಕೇಳಿದರು.

“ಮಂಜುಳಾ ಅವರು ಹೇಳಿದ್ರು ಸಾರ್.”

ಹುಟ್ಟಿದಾಗಿನಿಂದ ಜೊತೆಗಿದ್ದವಳಂತೆ ನಿನ್ನನ್ನು ನಾನು ಕರೆದದ್ದೆಲ್ಲ ಏಕವಚನದಲ್ಲಿ. ಆ ದಿನ ಮೊದಲ ಸಲ ನನ್ನ ಬಾಯಲ್ಲಿ ನೀನು ‘ಅವರು’ ಆದೆ. ಅಷ್ಟು ಮರ್ಯಾದೆ ಕೊಟ್ಟು ನಿನ್ನನ್ನು ಆಚೆ ನೂಕಿದೆ. ನೀನು ಮೇಜಿನ ಆ ಬದಿಯಿಂದ ನನ್ನನ್ನೇ ನೋಡಿದೆ. ಮೆಲ್ಲಗೆ, ಬರೀ ನನಗೆ ಅನ್ನುವ ಹಾಗೆ ಅಂದೆ — “ಆಗುತ್ತೆ ಅಂದಿದ್ದೆ ಕಣೇ.”

ಮೇಜರಿಗೆ ಕನ್ನಡ ಬಾರದು. ಏನಂದರು ಎಂದು ನನ್ನನ್ನು ಕೇಳಿದರು.

“ನಥಿಂಗ್ ಸರ್,” ಅಂದೆ.

ನಿನ್ನ ಇಂಗ್ಲಿಷು ನನ್ನದಕ್ಕಿಂತ ಚೆನ್ನ. ನೀನೇ ಹೇಳಬಹುದಿತ್ತು, ಜಗಳ ಆಡಬಹುದಿತ್ತು. ಆದರೆ ನೀನು ಸುಮ್ಮನೆ ಕೂತು ಕಾದೆ. ನಾನು ತಿದ್ದಿಕೊಳ್ಳಲಿ ಎಂದು ಕಾದೆ. ಪ್ರೊಜೆಕ್ಟರ್ ಆರಿಸಿದರು, ಕುರ್ಚಿಗಳು ಸರಿದವು, ಎಲ್ಲರೂ ಎದ್ದರು. ನೀನು ಇನ್ನೂ ಕೂತಿದ್ದೆ. ನಾನು ಲ್ಯಾಪ್‌ಟಾಪ್ ಮಡಚಿಕೊಂಡು ಎಂ.ಡಿ. ಹಿಂದೆ ಹೋದೆ. ನನಗಾಗಿ ಯಾರೂ ಅಷ್ಟು ಹೊತ್ತು ಕಾದದ್ದಿಲ್ಲ.

ಆ ವಾರವೇ ನೀನು ಕೆಲಸ ಬಿಟ್ಟೆ. ಸೈಟ್ ನಿಂತುಹೋಯಿತು, ಸೈನ್ಯ ಹೊರದೇಶದ್ದನ್ನೇ ಕೊಂಡಿತು. ನಿನ್ನ ಹೊಸ ರಿಂಗಿಗೆ ಇನ್ನೊಂದು ಚಳಿಗಾಲ ಸಿಕ್ಕಿದ್ದರೆ ಸಾಕಿತ್ತು. ನಮ್ಮ ಕೆಲಸದ ಲೋಕ ಚಿಕ್ಕದು. ಟೆಸ್ಟ್ ಮಾಡದೆ ಮಾಡಿದೆ ಅಂದವಳು ಎನ್ನುವ ಮಾತು ನಿನಗಿಂತ ಮೊದಲೇ ಪ್ರತಿ ಇಂಟರ್‌ವ್ಯೂಗೂ ಹೋಗಿ ಕೂತಿತ್ತು. ಈಗ ನೀನು ಬಾಡಿಗೆ ಕೇಳಿಕೊಂಡು ಬಾಗಿಲು ತಟ್ಟುತ್ತೀಯ, ನೀರಿನ ಟ್ಯಾಂಕರಿಗೆ ಫೋನ್ ಮಾಡುತ್ತೀಯ. ಅವಳಿಗೇನು, ಬಾಡಿಗೆ ಬರುತ್ತಲ್ಲ ಎಂದು ಆಫೀಸು ಸಮಾಧಾನ ಮಾಡಿಕೊಂಡಿತು. ನಾನೂ ಅದೇ ಮಾತನ್ನು ಹಿಡಿದು ನಿದ್ದೆ ಮಾಡಿದೆ. ಅದು ಯಾಕೆ ಸುಳ್ಳು ಎಂದು ಗೊತ್ತಿದ್ದವಳು ನಾನೊಬ್ಬಳೇ ಆಗಿದ್ದೂ.

ಇನ್ನೂ ನಾಚಿಕೆಗೇಡಿನ ಮಾತು ಕೇಳು. ಮೋಸ ಹೋದವಳು ನಾನು ಎಂದು ಗೆಳತಿಯರ ಮುಂದೆ ಅತ್ತಿದ್ದೇನೆ. ಎಂ.ಡಿ. ಮಾತು ಕೊಟ್ಟು ಕೈಬಿಟ್ಟರು ಎಂದು. ಬಿಟ್ಟದ್ದು ನಿಜವೇ. ಆದರೆ ಅವರು ಕೇಳಿದ್ದು ಒಂದು ಹೆಸರು, ನಿನ್ನ ಹೆಸರನ್ನಲ್ಲ. ನನ್ನದೇ ಹೆಸರು ಹೇಳಬಹುದಿತ್ತು.

ನಮ್ಮ ದೇಶದಲ್ಲಿ ಇಂಥವು ಯಾಕೆ ಕೈಗೂಡುವುದಿಲ್ಲ ಎಂದು ಮದುವೆ ಮನೆಗಳಲ್ಲಿ ಯಾರಾದರೂ ಕೇಳುತ್ತಾರೆ, ಡಿಫೆನ್ಸ್ ಕಂಪನಿಯವಳು ಎಂದು. ದುಡ್ಡು, ಫೈಲು, ರಾಜಕೀಯ ಎಂದು ಗಿಳಿಪಾಠ ಒಪ್ಪಿಸುತ್ತೇನೆ. ಅವೂ ಇರಬಹುದು, ನನಗೆ ಗೊತ್ತಿಲ್ಲ. ಗೊತ್ತಿರುವುದು ಒಂದೇ ಸೈಟಿನ ಕಥೆ. ಅದನ್ನು ಮಾಡುವ ಬುದ್ಧಿ ಇತ್ತು, ಕೈ ಇತ್ತು, ರಿಂಗ್ ಕೂಡ ಸಿಕ್ಕಿತ್ತು. ಇನ್ನೂ ಆಗಿಲ್ಲ ಎನ್ನುವ ಒಂದು ಮಾತು ಮೇಲೆ ಹೋಗಬೇಕಿತ್ತು, ಅದು ನನ್ನ ಗಂಟಲಲ್ಲಿ ನಿಂತಿತು.

ಇವತ್ತು ಸಂಜೆ ಗೌರಮ್ಮನವರು ಮೆಟ್ಟಿಲ ಮೇಲೆ ಕೂತು ನೆನೆಸಿದ ಅವರೆಕಾಳು ಹಿಸುಕುತ್ತಿದ್ದರು. ನಾನೂ ಪಕ್ಕದಲ್ಲಿ ಕೂತೆ. ಪ್ರತಿ ಅವರೆಕಾಯಿ ಕಾಲದಲ್ಲೂ ಕೇಳುವುದನ್ನೇ ಕೇಳಿದರು. “ನಮ್ ಮಂಜಿ ಸುಳ್ ಯೋಳೋಳಲ್ಲ ಕಣವ್ವ. ಅವತ್ತು ಆಪೀಸ್ನಾಗೆ ಏನಾಯ್ತು, ನೀನಾರ ಯೋಳು.” ಪ್ರತಿ ಸಲವೂ ನನಗೂ ಸರಿಯಾಗಿ ಗೊತ್ತಿಲ್ಲಮ್ಮ ಎನ್ನುತ್ತಿದ್ದೆ. ಇವತ್ತು, ಸುಳ್ಳು ಹೇಳಿದ್ದು ನಾನು ಕಣಮ್ಮ ಅಂದೆ. ಎಲ್ಲವನ್ನೂ ಹೇಳಿದೆ.

ಅವರು ಬೈಯಲಿಲ್ಲ. ನನ್ನ ಮುಂದಿದ್ದ ಕಾಳಿನ ಬಟ್ಟಲನ್ನು ತಮ್ಮ ಕಡೆಗೆ ಎಳೆದುಕೊಂಡರು. “ಅವಳ್ಗೆ ಯೋಳಿದ್ಯಾ?” ಅಂದರು.

“ಹೇಳ್ತೀನಮ್ಮ.”

“ಯೋಳ್ತೀನಿ ಅನ್ಬ್ಯಾಡ. ಯೋಳು.”

ಮೇಲೆ ಬಂದು ಇದನ್ನು ಬರೆದೆ. ಎಂ.ಡಿ.ಗೂ ಮೇಜರ್ ಸಾಹೇಬರಿಗೂ ಇದನ್ನೇ ಇಂಗ್ಲಿಷಿನಲ್ಲಿ ಬರೆದು ಕಳಿಸಿದ್ದೇನೆ. ಕಳಿಸುತ್ತೇನೆ ಎಂದಲ್ಲ, ಕಳಿಸಿದ್ದೇನೆ. ಹೋದ ಸೈಟ್ ಬರುವುದಿಲ್ಲ, ನಿನ್ನ ವರ್ಷಗಳೂ ಬರುವುದಿಲ್ಲ.

ಕೆಳಗೆ ಗೇಟಿನ ಹತ್ತಿರ ನಿನ್ನ ಸ್ಕೂಟರ್ ನಿಂತ ಸದ್ದಾಯಿತು. ಇದನ್ನು ನಿನ್ನ ಕೈಗಿಟ್ಟು ಓಡಿ ಬರುವುದಿಲ್ಲ, ನಿನ್ನೆದುರು ನಿಂತು ಓದುತ್ತೇನೆ. ಬೈದರೆ ಕೇಳಿಸಿಕೊಳ್ಳುತ್ತೇನೆ. ಮನೆ ಖಾಲಿ ಮಾಡು ಎಂದರೆ ಮಾಡುತ್ತೇನೆ. ಎಲ್ಲ ಕೇಳಿ ಮುಗಿದ ಮೇಲೂ ನೀನು “ಮೇಲೆ ನೀರು ಬಂತಾ” ಎಂದಷ್ಟೇ ಕೇಳಿದರೆ — ಅದಕ್ಕೆ ಏನು ಹೇಳಲಿ, ನನಗೆ ಗೊತ್ತಿಲ್ಲ.