ಕ್ರಾಪು ಬದಲಿಸಿದ ಮೇಲೆ

ನನ್ನ ನೆತ್ತಿಯ ಕೂದಲು ಉದುರಲು ಶುರುವಾದದ್ದು ನಲವತ್ತರ ಆಸುಪಾಸಿನಲ್ಲಿ. ಐವತ್ತಾಗುವ ಹೊತ್ತಿಗೆ ಅಲ್ಲಿ ಏನೂ ಉಳಿದಿರಲಿಲ್ಲ. ಆದರೆ ಎಡಗಿವಿಯ ಸ್ವಲ್ಪ ಮೇಲೆ ಬೈತಲೆ ತೆಗೆದು, ಅಲ್ಲಿ ಉದ್ದಕ್ಕೆ ಬಿಟ್ಟ ಕೂದಲನ್ನು ನೆತ್ತಿಯ ಮೇಲಿಂದ ಬಲಗಡೆಗೆ ಎಳೆದು, ಕೊಬ್ಬರಿ ಎಣ್ಣೆ ಹಚ್ಚಿ ಒತ್ತಿ ಕೂರಿಸುವುದನ್ನು ನಾನು ಚೆನ್ನಾಗಿ ಕಲಿತಿದ್ದೆ. ನಂಜನಗೂಡಿನ ಹತ್ತಿರ ತಾಂಡ್ಯದ ಒಂದು ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಂಡಿದ್ದು ರಿಟೈರ್ ಆಗುವವರೆಗೂ, ಆಮೇಲೆ ಮನೆಯಲ್ಲಿ ಕೂತ ಐದು ವರ್ಷವೂ ಅದೇ ಕ್ರಾಪು. ಯಾರೂ ಏನೂ ಅನ್ನಲಿಲ್ಲ. ನನ್ನೆದುರಿಗೆ ಅನ್ನಲಿಲ್ಲ ಎನ್ನುವುದೇ ಸರಿ.

ಹೆಂಡತಿಯ ತಂಗಿ ಕಳಲೆಯಲ್ಲಿ ಮನೆ ಕಟ್ಟಿಸಿದಳು. ಗೃಹಪ್ರವೇಶದ ದಿನ ಎಲ್ಲರನ್ನೂ ತಾರಸಿಯ ಮೇಲೆ ಸಾಲಾಗಿ ನಿಲ್ಲಿಸಿ ಫೋಟೋ ತೆಗೆದರು. ತೆಗೆಯುವ ಹೊತ್ತಿಗೆ ಸರಿಯಾಗಿ ಗಾಳಿ ಬೀಸಿತು. ಸಂಜೆ ಆ ಫೋಟೋ ಮನೆಯವರ ವಾಟ್ಸಾಪ್ ಗುಂಪಿಗೆ ಬಂತು. ಮೂವತ್ತು ಜನರ ನಡುವೆ ನಾನೊಬ್ಬ, ತಲೆಯ ಎಡಗಡೆಯಿಂದ ಗೇಣುದ್ದದ ಕೂದಲ ಪಟ್ಟಿ ನೆಟ್ಟಗೆ ಎದ್ದು ನಿಂತಿದೆ, ಕೆಳಗೆ ನೆತ್ತಿ ಬಿಸಿಲಿಗೆ ಹೊಳೆಯುತ್ತಿದೆ. ಅದರ ಕೆಳಗೆ ಒಂದರ ಮೇಲೊಂದು ನಗುವ ಮುಖಗಳು ಬಂದು ಬಿದ್ದವು. ನಾನು ಫೋನನ್ನು ಬೋರಲು ಹಾಕಿ ಕೂತೆ.

"ಇಲ್ಲದ್ದನ್ನ ಐತೆ ಅಂತ ತೋರಿಸೋಕೆ ಯಾಕಿಷ್ಟು ಒದ್ದಾಡ್ತೀರಿ?" ಎಂದಳು ಹೆಂಡತಿ. ಅವಳು ನಗಲಿಲ್ಲ. "ಸಣ್ಣಗೆ ಕಟಿಂಗ್ ಮಾಡಿಸ್ಕಳಿ. ಲಕ್ಷಣವಾಗಿರ್ತೀರಿ ಕಣ್ರೀ."

ಮಾರನೆಯ ದಿನವೇ ಸಲೂನಿಗೆ ಹೋದೆ. ಇಪ್ಪತ್ತೈದು ವರ್ಷ ನನಗೆ ಕೂದಲು ಕತ್ತರಿಸಿದವನ ಕಣ್ಣು ಮಂಜಾಗಿ ಅವನು ಅಂಗಡಿಗೆ ಬರುವುದು ಬಿಟ್ಟಿದ್ದ. ಈಗ ಅವನ ಮಗ, ಮೂವತ್ತೈದರವನು, ಅಂಗಡಿಗೆ ಗಾಜಿನ ಬಾಗಿಲು ಹಾಕಿಸಿ ಗೋಡೆ ತುಂಬ ಗಡ್ಡದ ಹುಡುಗರ ಚಿತ್ರ ಅಂಟಿಸಿದ್ದ. ನನ್ನ ವಯಸ್ಸಿನವರ ಚಿತ್ರ ಒಂದೂ ಇರಲಿಲ್ಲ. "ಪೂರ್ತಿ ಬೋಳಿಸಿಬಿಡಪ್ಪ," ಎಂದೆ.

"ಬ್ಯಾಡಿ ಸಾ. ಈ ಊರಲ್ಲಿ ಬೋಳ್ಸುದ್ರೆ ಹೊಳೆ ತಾವ ಮುಡಿ ಕೊಟ್ಟ್ ಬಂದೌರೆ ಅಂತಾರೆ, ಇಲ್ಲಾ ಮನೇಲಿ ಯಾರೋ ಹೋಗ್ಬುಟ್ರು ಅಂತಾರೆ," ಎಂದ ಅವನು. ನನ್ನ ಗಲ್ಲ ಹಿಡಿದು ಮುಖವನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದ. "ನಿಮ್ದು ಉದ್ದನೆ ಮುಖ. ಸೈಡು ಸಣ್ಣ ಮಾಡ್ತೀನಿ, ಮೀಸೆ ಒಂಚೂರು ಟ್ರಿಮ್ ಮಾಡ್ತೀನಿ. ಡೈ ಮುಟ್ಟಬ್ಯಾಡಿ. ಬಿಳೀ ಕೂದ್ಲೇ ಗತ್ತು ಸಾ."

ಮಿಷಿನ್ ಓಡಿಸಿದ. ಆ ಉದ್ದನೆಯ ಪಟ್ಟಿ ತೊಡೆಯ ಮೇಲೆ ಬಂದು ಬಿತ್ತು. ಅವನು ಕೊನೆಗೆ ಬಟ್ಟೆ ಕೊಡವಿ ಕನ್ನಡಿಯ ಮುಂದಿನಿಂದ ಪಕ್ಕಕ್ಕೆ ಸರಿದಾಗ ನನಗೇ ಆಶ್ಚರ್ಯ. ಕನ್ನಡಿಯಲ್ಲಿದ್ದ ಮನುಷ್ಯ ಯಾವುದನ್ನೂ ಮುಚ್ಚಿಡುತ್ತಿರಲಿಲ್ಲ. ಹಣೆ ವಿಶಾಲವಾಗಿತ್ತು, ದವಡೆ ಗಟ್ಟಿಯಾಗಿ ಕಾಣುತ್ತಿತ್ತು. ಮನೆಗೆ ಬಂದರೆ ಹೆಂಡತಿ ಒಲೆ ಮುಂದಿನಿಂದ ತಿರುಗಿ ನೋಡಿ, ಮತ್ತೆ ಇನ್ನೊಂದು ಸಲ ನೋಡಿದಳು. ಎದುರುಮನೆಯವರು "ಹತ್ತು ವರ್ಷ ಕಮ್ಮಿ ಆದ್ರಲ್ಲ ಸಾರ್" ಎಂದರು. ಒಂದು ನಾಲ್ಕು ದಿನ ನಾನು ಕಾರಣವಿಲ್ಲದೆ ಅಂಗಡಿಬೀದಿಯಲ್ಲಿ ಓಡಾಡಿದೆ. ಈ ವಯಸ್ಸಿನಲ್ಲಿ ಹೇಳಿಕೊಳ್ಳಲು ನಾಚಿಕೆಯಾದರೂ ಅದು ನಿಜ.

ಆ ಭಾನುವಾರ ಅಕ್ಕನನ್ನು ನೋಡಲು ಟಿ. ನರಸೀಪುರಕ್ಕೆ ಹೊರಟೆ. ಹದಿನೈದು ದಿನಕ್ಕೊಮ್ಮೆ ಹೋಗುವುದು ವಾಡಿಕೆ. ನನಗಿಂತ ಹನ್ನೆರಡು ವರ್ಷ ದೊಡ್ಡವಳು ಅವಳು. ನಮ್ಮ ಊರು ಬದನವಾಳಿನ ಹತ್ತಿರದ ಒಂದು ಹಳ್ಳಿ. ನನಗೆ ಎರಡು ತುಂಬುವ ಮೊದಲೇ ಅವ್ವ ಹೋದಳು. ಆಗ ಏಳನೇ ಕ್ಲಾಸು ಮುಗಿಸಿದ್ದ ಅಕ್ಕ ಮನೆಯಲ್ಲಿ ಉಳಿದು ನನ್ನನ್ನು ಸಾಕಿದಳು. "ನಂಗೆ ಓದು ತಲೆಗತ್ತನಿಲ್ಲ, ಅದ್ಕೇ ಬುಟ್ಬುಟ್ಟೆ" ಎಂದು ಅವಳು ಎಲ್ಲರೆದುರು ಹೇಳಿ ನಗುತ್ತಿದ್ದಳು. ನಾವೂ ನಗುತ್ತಿದ್ದೆವು. ದಿನಾ ಬೆಳಿಗ್ಗೆ ನನ್ನ ಗಲ್ಲವನ್ನು ಎಡಗೈಯಲ್ಲಿ ಬಿಗಿಯಾಗಿ ಹಿಡಿದು, ಎಣ್ಣೆ ಸುರಿದು, ಎಡಕ್ಕೆ ಬೈತಲೆ ತೆಗೆದು ಬಾಚುತ್ತಿದ್ದವಳು ಅವಳೇ. ಅವಳು ತೆಗೆದ ಬೈತಲೆಯನ್ನು ನಾನು ಬದಲಿಸಿರಲೇ ಇಲ್ಲ.

ಎರಡು ವರ್ಷದಿಂದ ಅಕ್ಕನಿಗೆ ಮರೆವಿನ ಕಾಯಿಲೆ. ಮನೆಯಲ್ಲೇ ಬ್ಲೌಸ್ ಹೊಲಿದುಕೊಂಡು ಅವಳನ್ನು ನೋಡಿಕೊಳ್ಳುತ್ತಿರುವ ಮಗಳನ್ನೇ ಒಮ್ಮೊಮ್ಮೆ "ನೀ ಯಾರ ಮಗಳವ್ವ?" ಎಂದು ಕೇಳುತ್ತಿದ್ದಳು. ನನ್ನನ್ನು ಮಾತ್ರ ಮರೆತಿರಲಿಲ್ಲ. ಬಾಗಿಲಲ್ಲಿ ನಿಂತ ಕೂಡಲೇ "ಬಾ ಕೂಸು" ಎನ್ನುತ್ತಿದ್ದಳು. ಡಾಕ್ಟರು ಕೂಡ ಇದೊಂದು ವಿಶೇಷ ಎಂದಿದ್ದರಂತೆ. ನನಗೆ ಒಳಗೊಳಗೇ ಅದರ ಬಗ್ಗೆ ಹೆಮ್ಮೆಯಿತ್ತು.

ಅವತ್ತು ಅಕ್ಕ ಮಂಚದ ಮೇಲೆ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದಳು. ನನ್ನನ್ನು ಕಂಡದ್ದೇ ತಡ, ಮೊರವನ್ನು ಕೆಳಗಿಟ್ಟು ಎದ್ದು ನಿಂತಳು. ತಲೆ ತುಂಬ ಸೆರಗು ಹೊದ್ದು ಗೋಡೆಗೆ ಒತ್ತಿಕೊಂಡಳು.

"ಕೂಸು ಮನೀಕಂಡದೆ ಅಪ್ಪ," ಎಂದಳು ಮೆಲ್ಲಗೆ. "ಆಲು ಕುಡ್ಸಿವ್ನಿ. ಈಗ್ಲೇ ಮನೀಕತ್ತು."

ನನಗೆ ಮೊದಲು ಅರ್ಥವಾಗಲಿಲ್ಲ. "ಅಕ್ಕ, ನಾನು ಕಣಕ್ಕ," ಎಂದೆ. ಅವಳು ಇನ್ನಷ್ಟು ಮುದುಡಿದಳು. "ಅಕ್ಕ, ಇತ್ತಗ್ ನೋಡು, ನಾನೇ ನಿನ್ ಕೂಸು" ಎಂದು ಹತ್ತಿರ ಹೋದರೆ ಎರಡೂ ಕೈ ಮುಖಕ್ಕೆ ಅಡ್ಡ ಹಿಡಿದಳು. ಅಕ್ಕನ ಮಗಳು ಹೊಲಿಗೆ ನಿಲ್ಲಿಸಿ ಓಡಿಬಂದು ಅವಳನ್ನು ಒಳಗೆ ಕರೆದುಕೊಂಡು ಹೋದಳು. ಆಮೇಲೆ ಬಂದವಳು ಗೋಡೆಯ ಮೇಲಿದ್ದ ನಮ್ಮಪ್ಪನ ಫೋಟೋ ಇಳಿಸಿ ನನ್ನ ಕೈಗೆ ಕೊಟ್ಟಳು. ಅಪ್ಪನದು ಅಂತ ಇರುವುದು ಅದೊಂದೇ ಫೋಟೋ. ಬೋಳು ನೆತ್ತಿ, ಸುತ್ತಲೂ ಸಣ್ಣಗೆ ಕತ್ತರಿಸಿದ ಬಿಳೀ ಕೂದಲು, ಗಟ್ಟಿ ದವಡೆ.

"ಅಚ್ಚು ತಾತಾನೇ ಮಾವ ನೀವು," ಎಂದಳು. "ದನಿನೂವೆ ತಾತಂದೇಯ ಅಂತ ಅವ್ವ ಮೊದ್ಲಿಂದ್ಲೂ ಅಂತಿದ್ಲು."

ಸಲೂನಿನ ಕನ್ನಡಿಯಲ್ಲಿ ಅಷ್ಟು ಹೊತ್ತು ನನ್ನನ್ನೇ ಮೆಚ್ಚಿಕೊಂಡು ಕೂತಿದ್ದರೂ ಇದು ನನಗೆ ಕಂಡಿರಲಿಲ್ಲ.

ಹೊರಡುವ ಮುಂಚೆ ಅಕ್ಕ ತಾನಾಗಿಯೇ ಹೊರಗೆ ಬಂದಳು. ಕಂಬದ ಹಿಂದೆ ನಿಂತು, ನೆಲ ನೋಡುತ್ತ, ಎಷ್ಟೋ ದಿನ ಬಾಯಿಪಾಠ ಮಾಡಿದ್ದನ್ನು ಒಪ್ಪಿಸುವವಳಂತೆ ಹೇಳಿದಳು: "ಅಪ್ಪ, ಮೇಷ್ಟ್ರು ಯೋಳ್ ಕಳ್ಸವ್ರೆ. ನಂಜನಗೂಡಲ್ಲಿ ಐಸ್ಕೂಲಿಗೆ ಸೇರಿಸ್ಕತ್ತರಂತೆ. ಕೂಸ್ನ ನಾನೇ ಎತ್ಕಂಡ್ ಓಯ್ತೀನಿ. ಅಟ್ಟಿ ಕೆಲ್ಸ ಎಲ್ಲ ಮುಗುಸ್ಬುಟ್ಟೇ ಓಯ್ತೀನಿ. ಓಗ್ಲಾ?"

ಅರವತ್ತು ವರ್ಷ ನಾನು ಕೇಳದೇ ಇದ್ದ ಮಾತು ಇದು. ನನ್ನಿಂದ ಉತ್ತರ ಬರಲಿಲ್ಲ. ಉತ್ತರ ಬಾರದಿದ್ದನ್ನೇ ಉತ್ತರ ಎಂದುಕೊಂಡು ಅಕ್ಕ ತಲೆಯಾಡಿಸಿ ಒಳಗೆ ಹೋದಳು. ಬಹುಶಃ ನಮ್ಮಪ್ಪನೂ ಅವತ್ತು ಏನೂ ಹೇಳಿರಲಿಕ್ಕಿಲ್ಲ. ಅವನು ಕೈ ಎತ್ತುವವನಲ್ಲ. ಸುಮ್ಮನಿದ್ದೇ ಎಲ್ಲವನ್ನೂ ಬೇಡ ಎನ್ನುತ್ತಿದ್ದ.

ಬಸ್ಸಿನಲ್ಲಿ ದಾರಿಯುದ್ದಕ್ಕೂ ತಲೆ ಸವರಿಕೊಂಡೇ ಬಂದೆ. ಕೂದಲು ಕೈಗೆ ಮುಳ್ಳಿನಂತೆ ಚುಚ್ಚುತ್ತಿತ್ತು.

ಮುಂದಿನ ಸಲ ಹೆಂಡತಿ ಮಂಕಿ ಕ್ಯಾಪ್ ಹಾಕಿ ಕಳಿಸಿದಳು. ಬಿಸಿಲಿನ ಕಾಲ. ನರಸೀಪುರದಲ್ಲಿ ಬಸ್ ಇಳಿಯುವಷ್ಟರಲ್ಲಿ ಕುತ್ತಿಗೆಯಲ್ಲಿ ಬೆವರು ಇಳಿಯುತ್ತಿತ್ತು. ಆದರೂ ತೆಗೆಯಲಿಲ್ಲ. ಅಕ್ಕ ನನ್ನನ್ನು ನೋಡಿ "ಅಯ್ಯೋ, ಅಪ್ಪಂಗೆ ಚಳಿಜ್ವರ ಬಂದದಲ್ಲಪ್ಪ" ಎಂದು ಗಾಬರಿಯಾಗಿ ಕಂಬಳಿ ತರಲು ಹೋದಳು. ಕ್ಯಾಪ್ ತೆಗೆದು ಜೇಬಿಗೆ ತುರುಕಿಕೊಂಡೆ. ಕಂಬಳಿ ಹಿಡಿದುಕೊಂಡೇ ಅವಳು ಮತ್ತೆ ಕೇಳಿದಳು, ಅದೇ ಮೇಷ್ಟ್ರು, ಅದೇ ಹೈಸ್ಕೂಲು, ಅದೇ ಕೂಸು. "ಓಗ್ಲಾ ಅಪ್ಪ?"

"ಹೋಗವ್ವ," ಎಂದೆ.

ಅವಳ ಮುಖ ಹೇಗಾಯಿತು ಎಂದು ಹೇಳಲು ನನಗೆ ಬರುವುದಿಲ್ಲ. ಎಪ್ಪತ್ತೇಳರ ಆ ಮುಖದಲ್ಲಿ ಹದಿನಾಲ್ಕು ವರ್ಷದ ಹುಡುಗಿಯನ್ನು ಕಂಡೆ. ಬಾಗಿ ನನ್ನ ಪಾದ ಮುಟ್ಟಿದಳು. ನನ್ನನ್ನು ಎತ್ತಿ ಸಾಕಿದವಳು ನನ್ನ ಕಾಲಿಗೆ ಬಿದ್ದಳು. ಆದರೂ ಒಳ್ಳೆಯದೇ ಮಾಡಿದೆ ಎಂದುಕೊಂಡು ಮನೆಗೆ ಬಂದೆ.

ಮಾರನೆಯ ದಿನ ಬೆಳಿಗ್ಗೆ ಅಕ್ಕನ ಮಗಳ ಫೋನು. ಅವಳು ನಲ್ಲಿಯ ಹತ್ತಿರ ನೀರು ಹಿಡಿಯುತ್ತಿದ್ದಾಗ ಅಕ್ಕ ಮನೆ ಬಿಟ್ಟು ಹೊರಟಿದ್ದಳು. ಎರಡು ಗಂಟೆ ಹುಡುಕಿದ ಮೇಲೆ ಸಿಕ್ಕಿದಳು; ಹೊಳೆ ಸಂಗಮದ ಮೆಟ್ಟಿಲ ಬಳಿ ಸ್ನಾನಕ್ಕೆ ಬಂದಿದ್ದವರು ಹಿಡಿದು ಕೂರಿಸಿದ್ದರಂತೆ. ಮೊಣಕಾಲು ತರಚಿತ್ತು. ಬಟ್ಟೆ ಚೀಲದಲ್ಲಿ ಹಳೆಯ ಲಗ್ನಪತ್ರಿಕೆಗಳು, ಮಗಳ ಹೊಲಿಗೆ ಡಬ್ಬಿಯ ಒಂದು ಸೀಮೆಸುಣ್ಣ. ನಂಜನಗೂಡಿನ ಬಸ್ಸು ಎಲ್ಲಿ ನಿಲ್ಲುತ್ತದೆ, ಗಂಟೆ ಹೊಡೆದುಬಿಡ್ತಾರೆ ಎಂದು ಎಲ್ಲರನ್ನೂ ಕೇಳುತ್ತಿದ್ದಳಂತೆ.

"ಏನ್ ಯೋಳುದ್ರಿ ಮಾವ ಅವ್ವಂಗೆ?" ಎಂದು ಕೇಳಿದಳು. ಹೇಳಿದೆ. "ಒಂದ್ ಎಜ್ಜೆ ಮುಂದ್ಕಿಟ್ಟಿದ್ರೆ ನೀರು," ಎಂದಳು. "ಬೇಜಾರ್ ಮಾಡ್ಕಬ್ಯಾಡಿ. ಕೂದ್ಲು ಬೆಳೆಯೋಗಂಟ ಬರ್ಬ್ಯಾಡಿ ಮಾವ."

ಹೋಗು ಎಂದರೆ ಅವಳು ಹೊಳೆಗೆ ಹೋಗುತ್ತಾಳೆ. ಬೇಡ ಎನ್ನಲು ನನಗೆ ಬಾಯಿ ಬರುವುದಿಲ್ಲ. ಹಾಗಾಗಿ ನಾನು ಮಾಡಬಹುದಾದದ್ದು ಕೂದಲು ಬೆಳೆಯುವುದನ್ನು ಕಾಯುವುದೊಂದೇ. ಸಲೂನಿನವನನ್ನು ಕೇಳಿದೆ. "ತಿಂಗ್ಳಿಗೆ ಅರ್ಧ ಇಂಚು ಸಾ. ನಿಮ್ ವಯಸ್ಸಿಗೆ ಅದಕ್ಕಿಂತ ಕಮ್ಮೀನೇ," ಎಂದ. "ಇಷ್ಟ್ ಚೆನ್ನಾಗ್ ಒಪ್ಪದೆ, ಯಾಕ್ ಸಾ ಮತ್ತೆ?"

ಹೆಂಡತಿಯೇ ಮೈಸೂರಿನ ವಿಗ್ ಅಂಗಡಿಗೆ ಕರೆದುಕೊಂಡು ಹೋದಳು. ಅಂಗಡಿಯವನು ಒಂದಾದ ಮೇಲೊಂದು ತಲೆಗೆ ಕೂರಿಸಿದ. ಕರೀ ಕೂದಲು, ಕಂದು ಕೂದಲು, ಅಲ್ಲೊಂದು ಇಲ್ಲೊಂದು ಬಿಳಿ ಇದ್ದ ಕೂದಲು. ಮೂರನೆಯದನ್ನು ಹಾಕಿದಾಗ ಹೆಂಡತಿಗೆ ತಡೆಯಲಾಗದೆ ನಗು ಬಂತು, ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ನನ್ನ ಮುಖ ನೋಡಿ ನಿಲ್ಲಿಸಿದಳು. ಫೋನಿನಲ್ಲಿ ಫೋಟೋ ತೆಗೆದು ಅಕ್ಕನ ಮಗಳಿಗೆ ಕಳಿಸಿದೆವು. "ಅವ್ವಂಗೆ ತೋರ್ಸುದೆ ಮಾವ, ಎದುರ್ಕಂಡ್ಲು," ಎಂದು ಉತ್ತರ ಬಂತು. ವಿಗ್ ಅಲ್ಲೇ ಬಿಟ್ಟು ಬಂದೆವು. ಫೋನಿನಲ್ಲಿ ಮಾತಾಡೋಣವೆಂದರೆ ಅಕ್ಕ ಅದನ್ನು ತಿರುಗಿಸಿ ಮುರುಗಿಸಿ ನೋಡಿ ಮಗಳ ಕೈಗೇ ವಾಪಸ್ಸು ಕೊಡುತ್ತಿದ್ದಳು.

ಐದು ತಿಂಗಳು ನಾನು ಅಕ್ಕನ ಮನೆಗೆ ಹೋಗಲಿಲ್ಲ. ಮದುವೆ ಮುಂಜಿಗಳಲ್ಲಿ ಜನ "ಯಾಕೆ ಮತ್ತೆ ಹಳೇ ಅವತಾರ?" ಎಂದು ಕೇಳಿದರು. ಕೂದಲು ಕಿವಿಯ ಮೇಲೆ ಬಂದು ಕುರಿಯ ಉಣ್ಣೆಯ ಹಾಗೆ ಕಂಡ ದಿನಗಳಲ್ಲಿ ನಾನು ಹೊರಗೆ ಹೋಗುವುದನ್ನೇ ಕಡಿಮೆ ಮಾಡಿದೆ. ಕೊನೆಗೆ ಎಡಗಡೆಯಿಂದ ಹೇಗೋ ನೆತ್ತಿಯ ಕಾಲು ಭಾಗಕ್ಕೆ ಎಟುಕುವಷ್ಟಾಯಿತು. ಬೈತಲೆ ತೆಗೆದು, ಎಣ್ಣೆ ಹಚ್ಚಿ ಒತ್ತಿ ಕೂರಿಸಿ, ಬಸ್ಸಿನಲ್ಲಿ ಗಾಳಿ ಬಡಿಯದಂತೆ ನಡುವಿನ ಸೀಟಿನಲ್ಲಿ ಕೂತು ಹೋದೆ.

ಅಕ್ಕ ಅದೇ ಮಂಚದ ಮೇಲೆ ಕೂತಿದ್ದಳು. ತುಂಬ ಇಳಿದುಹೋಗಿದ್ದಳು. ನನ್ನನ್ನು ನೋಡಿದಳು. ಹೆದರಲಿಲ್ಲ, ಎದ್ದು ನಿಲ್ಲಲಿಲ್ಲ, ಸೆರಗೂ ಎಳೆದುಕೊಳ್ಳಲಿಲ್ಲ. ನಾನು ಬಾಗಿಲಲ್ಲೇ ನಿಂತು ಕಾದೆ.

"ಯಾರಪ್ಪ ನೀವು?" ಎಂದಳು. "ಬನ್ನಿ, ಕೂತ್ಕಳಿ. ಮಗಳು ಒಳಗವ್ಳೆ."

ಕೂತೆ. ಅಕ್ಕನ ಮಗಳು ಅಡುಗೆಮನೆಯ ಬಾಗಿಲಿಗೆ ಬಂದು ನಿಂತು ನನ್ನ ಮುಖ ನೋಡಲಾಗದೆ ಒಳಗೆ ಹೋದಳು. ಎರಡು ತಿಂಗಳಿಂದ ಕೂಸು, ಅಪ್ಪ ಎಂಬ ಮಾತೇ ಅಕ್ಕನ ಬಾಯಲ್ಲಿ ಬರುತ್ತಿಲ್ಲವಂತೆ, ಹೇಳಲು ಅವಳಿಗೆ ಮನಸ್ಸು ಬಂದಿರಲಿಲ್ಲ. ಕೂದಲು ಬೆಳೆಯಲಿ ಎಂದು ನಾನು ಕಾದ ತಿಂಗಳುಗಳಲ್ಲೇ ಅಪ್ಪನೂ ಕೂಸೂ ಇಬ್ಬರೂ ಅವಳಿಂದ ಹೊರಟುಹೋಗಿದ್ದರು. ಮೊದಲಿನಂತೆಯೇ ಹೋಗುತ್ತಿದ್ದರೆ, ಅಪ್ಪ ಅಂತಲಾದರೂ ಅವಳು ನನ್ನನ್ನು ಇನ್ನೆರಡು ಸಲ ಕರೆಯುತ್ತಿದ್ದಳೇನೋ.

ಈಗ ಮತ್ತೆ ಹದಿನೈದು ದಿನಕ್ಕೊಮ್ಮೆ ಹೋಗುತ್ತೇನೆ. ತಲೆಯನ್ನು ಪುನಃ ಸಣ್ಣಗೆ ಕತ್ತರಿಸಿಕೊಂಡಿದ್ದೇನೆ. ಅದರಿಂದ ಅಕ್ಕನಿಗೆ ಯಾವ ವ್ಯತ್ಯಾಸವೂ ಆಗಲಿಲ್ಲ. ಹೋದಾಗಲೆಲ್ಲ ಹೊಸ ನೆಂಟನಂತೆ ಕೂರಿಸುತ್ತಾಳೆ, ಊಟ ಮಾಡಿಯೇ ಹೋಗಬೇಕೆಂದು ಹಟ ಮಾಡುತ್ತಾಳೆ. ಕಳೆದ ಸಲ ನನ್ನ ಪಕ್ಕದಲ್ಲೇ ಕೂತು ವಿಚಾರಿಸಿದಳು.

"ನಿಮ್ಗೆ ಅಕ್ಕ ತಂಗೇರು ಅವ್ರಾ?"

"ಒಬ್ಳು ಅಕ್ಕ."

"ಓದವ್ಳಾ?"

"ಏಳ್ನೇ ಕ್ಲಾಸು. ಚೆನ್ನಾಗಿ ಓದ್ತಿದ್ಲು."

"ಮತ್ಯಾಕ್ ಬುಡ್ಸುದ್ರು?"

"ನನ್ನ ನೋಡ್ಕಳಕೆ," ಎಂದೆ.

ಅಕ್ಕ ತಟ್ಟೆಯನ್ನು ನನ್ನ ಕಡೆ ಸರಿಸಿ, "ಉಣ್ಣಿ, ಸಾರು ಆರೋಯ್ತದೆ," ಎಂದಳು.